ಮನೆಯಲ್ಲಿ ಮಾಡಬೇಕೋ, ಅಂಗಡಿಯಿಂದ ತರಬೇಕೋ: ಹಂತ ಹಂತವಾಗಿ ತೀರ್ಮಾನಿಸುವುದು ಹೇಗೆ

ಇನ್ನು ಮುಂದೆ ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಎಂದು ಹೊರಡುವವರ ಕತೆ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ಮೊದಲ ಭಾನುವಾರ ಬ್ರೆಡ್, ಮೊಸರು, ಜಾಮ್, ಸಾಸ್ ಎಲ್ಲ ಒಟ್ಟಿಗೆ. ಎರಡನೇ ಭಾನುವಾರ ಬ್ರೆಡ್ ಮಾತ್ರ. ಮೂರನೇ ವಾರಕ್ಕೆ ಯೀಸ್ಟ್ ಡಬ್ಬಿ ಕಪಾಟಿನ ಮೂಲೆ ಸೇರಿರುತ್ತದೆ, ಫ್ರಿಜ್‌ನಲ್ಲಿ ಅರ್ಧ ಬಾಟಲಿ ಸಾಸಿನ ಮೇಲೆ ಬೂಷ್ಟು ಹಿಡಿದಿರುತ್ತದೆ.

ಇವರಲ್ಲಿ ಹೆಚ್ಚಿನವರ ಕೈರುಚಿ ಚೆನ್ನಾಗಿಯೇ ಇರುತ್ತದೆ. ಕ್ರಮ ಮಾತ್ರ ತಲೆಕೆಳಗು. ಮೊದಲು ಯಂತ್ರ ಕೊಳ್ಳುತ್ತಾರೆ, ಆಮೇಲೆ ರೆಸಿಪಿ ಹುಡುಕುತ್ತಾರೆ, ಇದನ್ನು ಮನೆಯಲ್ಲಿ ತಿನ್ನುವವರು ಯಾರು ಅನ್ನೋ ಪ್ರಶ್ನೆ ಕೊನೆಗೆ ಬರುತ್ತದೆ. ಕೆಳಗಿನ ಹಂತಗಳು ಇದಕ್ಕೆ ಪೂರ್ತಿ ಉಲ್ಟಾ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಜಿಗಿಯಬೇಡಿ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಒಂದು ಗ್ರಾಂ ತನಕ ತೋರಿಸುವ ಸಣ್ಣ ತೂಕದ ಯಂತ್ರ, ಅಡುಗೆಗೆ ಬಳಸುವ ಥರ್ಮಾಮೀಟರ್, ಒಂದು ನೋಟ್‌ಬುಕ್, ಡಬ್ಬಿಗಳ ಮೇಲೆ ತಾರೀಕು ಬರೆಯಲು ಟೇಪ್ ಮತ್ತು ಪೆನ್ನು. ಸದ್ಯಕ್ಕೆ ಇಷ್ಟೇ. ಬ್ರೆಡ್ ಯಂತ್ರ, ಮೊಸರು ಯಂತ್ರ, ಪಾಸ್ತಾ ಒತ್ತುವ ಯಂತ್ರ ಯಾವುದೂ ಈಗ ಬೇಡ. ಅವುಗಳ ಸರದಿ ಏಳನೇ ಹಂತದಲ್ಲಿ ಬರುತ್ತದೆ, ಬಂದರೆ.

ತೂಕದ ಯಂತ್ರ ಯಾಕೆ ಅಂದರೆ, ಕಪ್ಪಿನಲ್ಲಿ ಅಳೆದರೆ ಲೆಕ್ಕ ಕೂಡುವುದಿಲ್ಲ. ಒಂದೇ ಕಪ್ ಹಿಟ್ಟು ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು.

ಹಂತ 1: ಎರಡು ವಾರ ಬರೀ ಬರೆದಿಡಿ

ಮನೆಗೆ ಬರುವ ಪ್ರತಿ ಸಿದ್ಧ ಆಹಾರವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಎಷ್ಟು ತೂಕದ್ದು ತಂದಿರಿ, ಎಷ್ಟು ದಿನಕ್ಕೆ ಖಾಲಿಯಾಯಿತು, ಎಷ್ಟು ಎಸೆದಿರಿ. ಮೂರನೆಯದನ್ನು ಬರೆಯುವುದಕ್ಕೆ ಸ್ವಲ್ಪ ನಾಚಿಕೆಯಾಗುತ್ತದೆ. ಆದರೆ ಮುಖ್ಯ ಅದೇ.

ಎರಡು ವಾರದ ಕೊನೆಗೆ ಎರಡು ಗುಂಪು ಎದ್ದು ಕಾಣುತ್ತವೆ. ವಾರಕ್ಕೆ ಎರಡು ಮೂರು ಸಲ ಮುಗಿಯುವಂಥವು ಒಂದು ಕಡೆ, ತಿಂಗಳುಗಟ್ಟಲೆ ಫ್ರಿಜ್ ಬಾಗಿಲಲ್ಲಿ ನಿಂತಿರುವಂಥವು ಇನ್ನೊಂದು ಕಡೆ. ಮನೆಯಲ್ಲಿ ಮಾಡುವ ಯೋಚನೆ ಮೊದಲ ಗುಂಪಿಗೆ ಮಾತ್ರ. ತಿಂಗಳಿಗೆ ಎರಡು ಚಮಚ ಬಳಸುವ ಸಾಸನ್ನು ಮನೆಯಲ್ಲಿ ಮಾಡಿ ಉಳಿಸುವುದು ಏನೂ ಇಲ್ಲ. ಅಂಗಡಿ ಸಾಸಿನಲ್ಲಿ ಹುಳಿ, ಉಪ್ಪು, ಸಕ್ಕರೆ ಲೆಕ್ಕವಿಟ್ಟು ಸೇರಿಸಿರುತ್ತಾರೆ, ಅದಕ್ಕೇ ಅದು ತಡೆಯುತ್ತದೆ. ನಿಮ್ಮದು ಅಷ್ಟು ದಿನ ತಡೆಯುವುದಿಲ್ಲ.

ಹಂತ 2: ಅಪಾಯದವನ್ನು ಮೊದಲೇ ಪಕ್ಕಕ್ಕೆ ಸರಿಸಿ

ದುಡ್ಡಿನ ಲೆಕ್ಕಕ್ಕಿಂತ ಮುಂಚೆ ಈ ಹಂತ ಮುಗಿಯಬೇಕು. ಲಾಭ ಕಣ್ಣಿಗೆ ಬಿದ್ದ ಮೇಲೆ ಅಪಾಯ ಚಿಕ್ಕದಾಗಿ ಕಾಣುತ್ತದೆ.

ಹಸುಗೂಸಿಗೆ ಕೊಡುವ ಫಾರ್ಮುಲಾ ಹಾಲನ್ನು ಮನೆಯಲ್ಲಿ ತಯಾರಿಸಬೇಡಿ. ಇದರಲ್ಲಿ ಚರ್ಚೆಯೇ ಇಲ್ಲ. ಪೋಷಕಾಂಶಗಳ ಅಳತೆ ಸ್ವಲ್ಪ ತಪ್ಪಿದರೂ ಮಗುವಿನ ಜೀವಕ್ಕೇ ತೊಂದರೆ.

ಎರಡನೆಯದು, ಹುಳಿಯಿಲ್ಲದ ಪದಾರ್ಥಗಳನ್ನು ಬಾಟಲಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಹೊರಗೆ ಇಡುವುದು. ಬೇಯಿಸಿದ ಕಾಳು, ತರಕಾರಿ, ಮಾಂಸ, ಸೂಪ್ ಎಲ್ಲ ಈ ಗುಂಪಿನವು. ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಗಾಳಿಯಿಲ್ಲದ, ಹುಳಿಯಿಲ್ಲದ ಜಾಗದಲ್ಲೇ ಬೆಳೆಯುತ್ತದೆ. ಅದರ ಬೀಜಕಣಗಳು 100 ಡಿಗ್ರಿಯ ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ ಒತ್ತಡ ಕೊಟ್ಟು ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ವಿಷ ಸೇರಿದ ಆಹಾರ ಎಷ್ಟೋ ಸಲ ನೋಡಲು, ಮೂಸಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಮೂಗನ್ನು ನಂಬಬೇಡಿ. ಇಂಥವನ್ನು ಮಾಡಿದರೆ ಫ್ರೀಜರ್‌ನಲ್ಲಿ ಇಡಿ. ಬಾಟಲಿಯಲ್ಲೇ ಬೇಕು ಅಂದರೆ ಅಂಗಡಿಯಿಂದ ತನ್ನಿ.

ಹುಳಿ ಎಷ್ಟಿದ್ದರೆ ಸಾಕು? ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಟೊಮೆಟೊ ಈ ಗೆರೆಯ ಹತ್ತಿರವೇ ಓಡಾಡುತ್ತದೆ, ಹಣ್ಣಿನಿಂದ ಹಣ್ಣಿಗೆ ವ್ಯತ್ಯಾಸ. ಅದಕ್ಕೇ ಟೊಮೆಟೊ ಬಾಟಲಿಗೆ ತುಂಬುವಾಗ ನಿಂಬೆರಸ ಸೇರಿಸಬೇಕು ಎನ್ನುವುದು.

ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆ ಕಟ್ಟೆಯ ಮೇಲೆ ಇಡುವುದೂ ಇದೇ ಕಾರಣಕ್ಕೆ ಅಪಾಯ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಮಾಡಿದರೆ ಫ್ರಿಜ್‌ನಲ್ಲಿಟ್ಟು 4 ದಿನದೊಳಗೆ ಮುಗಿಸಿ.

ರಾಜ್ಮಾ ಕಾಳನ್ನು ಮನೆಯಲ್ಲಿ ಬೇಯಿಸಬಹುದು, ಆದರೆ ಕ್ರಮ ತಪ್ಪಬಾರದು. ಹಸಿ ಕಾಳಿನಲ್ಲಿ ವಾಂತಿ ಭೇದಿ ತರಿಸುವ ವಿಷವಸ್ತು ಇರುತ್ತದೆ. ಕನಿಷ್ಠ 5 ಗಂಟೆ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷವಾದರೂ ಕುದಿಸಬೇಕು. ಸಣ್ಣ ತಾಪದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ಹಾಕಬೇಡಿ. ಕಾಳು ಮೆತ್ತಗಾಗಿದೆ ಅಂದ ಮಾತ್ರಕ್ಕೆ ವಿಷ ಹೋಗಿದೆ ಅಂತಲ್ಲ.

ಹಂತ 3: ತಿನ್ನಲು ಸಿಕ್ಕಿದ್ದರ ಲೆಕ್ಕ ಹಾಕಿ

ಎಲ್ಲರೂ ಮಾಡುವ ತಪ್ಪು ಇಲ್ಲೇ. ಮೈದಾ ಬೆಲೆಯನ್ನು ಬ್ರೆಡ್ ಬೆಲೆಯ ಪಕ್ಕದಲ್ಲಿಟ್ಟು ‘ಅಬ್ಬಾ, ಎಷ್ಟು ಉಳಿತಾಯ’ ಅಂದುಬಿಡುತ್ತಾರೆ. ಯೀಸ್ಟ್, ಎಣ್ಣೆ, ಓವನ್ನಿನ ಕರೆಂಟು, ಕೊನೆಗೆ ಒಣಗಿ ಎಸೆದ ಕಾಲುಭಾಗ, ಯಾವುದೂ ಲೆಕ್ಕದಲ್ಲಿ ಇರುವುದಿಲ್ಲ.

ಸರಿಯಾದ ಲೆಕ್ಕ ಹೀಗೆ: ಸಾಮಾನಿನ ಖರ್ಚು, ಉರಿ ಅಥವಾ ಕರೆಂಟಿನ ಖರ್ಚು ಎರಡನ್ನೂ ಕೂಡಿಸಿ. ಆ ಮೊತ್ತವನ್ನು ನಿಜವಾಗಿ ತಿಂದ ಗ್ರಾಂಗಳಿಂದ ಭಾಗಿಸಿ. ಮಾಡಿದ ಗ್ರಾಂ ಅಲ್ಲ, ತಿಂದ ಗ್ರಾಂ. ಅಂಗಡಿಯದಕ್ಕೂ ಇದೇ ನಿಯಮ, ಅಲ್ಲಿಯೂ ಎಸೆದದ್ದನ್ನು ಕಳೆಯಿರಿ.

ಲೆಕ್ಕಕ್ಕೆ ಬೇಕಾಗುವ ಕೆಲವು ಅಳತೆಗಳು ಇಲ್ಲಿವೆ. ಒಂದು ಕಿಲೋ ಹಿಟ್ಟಿಗೆ 650 ಮಿಲಿ ನೀರು ಹಾಕಿದರೆ ಸುಟ್ಟ ಮೇಲೆ ಸುಮಾರು ಒಂದೂವರೆ ಕಿಲೋ ಬ್ರೆಡ್ ಸಿಗುತ್ತದೆ. ಒಂದು ಲೀಟರ್ ಹಾಲಿಗೆ ಹೆಚ್ಚುಕಮ್ಮಿ ಅಷ್ಟೇ ಮೊಸರು. 35 ಶೇಕಡ ಕೊಬ್ಬಿನ ಒಂದು ಲೀಟರ್ ಕ್ರೀಮ್ ಕಡೆದರೆ ಸುಮಾರು 400 ಗ್ರಾಂ ಬೆಣ್ಣೆ. ಒಣ ಕಾಳು ಬೆಂದಾಗ ತೂಕ ಎರಡರಿಂದ ಎರಡೂವರೆ ಪಟ್ಟು ಆಗುತ್ತದೆ. 400 ಗ್ರಾಂ ಎಂದು ಬರೆದ ಡಬ್ಬಿ ಕಾಳಿನ ನೀರು ಬಸಿದರೆ ಉಳಿಯುವುದು ಸುಮಾರು 240 ಗ್ರಾಂ. ಅಂದರೆ 100 ಗ್ರಾಂ ಒಣ ಕಾಳು ಒಂದು ಡಬ್ಬಿಗೆ ಸಮ.

ಬೆಣ್ಣೆಯ ವಿಷಯದಲ್ಲಿ ನಾನೇ ಪಾಠ ಕಲಿತೆ. ಉತ್ಸಾಹದಿಂದ ಕ್ರೀಮ್ ಕೊಂಡು ತಂದು ಕಡೆದೆ. ಬೆಣ್ಣೆ ಚೆನ್ನಾಗೇ ಬಂತು. ಲೆಕ್ಕ ಹಾಕಿದರೆ ಕ್ರೀಮಿಗೆ ಕೊಟ್ಟ ದುಡ್ಡಿನಲ್ಲಿ ಅದಕ್ಕಿಂತ ಜಾಸ್ತಿ ಬೆಣ್ಣೆಯನ್ನೇ ತರಬಹುದಿತ್ತು. ಕ್ರೀಮ್ ಮಿಕ್ಕಿ ಕೆಡುವ ಹಾಗಿದ್ದರೆ ಬೆಣ್ಣೆ ಮಾಡಿ. ಬೆಣ್ಣೆಗೋಸ್ಕರ ಕ್ರೀಮ್ ಕೊಳ್ಳುವ ಮುಂಚೆ ಎರಡು ಬೆಲೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಕರೆಂಟಿನದು ಸುಲಭ. 2 ಕಿಲೋವ್ಯಾಟ್ ಓವನ್ ಒಂದು ಗಂಟೆ ಬಿಡದೆ ಉರಿದರೆ 2 ಯೂನಿಟ್. ತಾಪ ಮುಟ್ಟಿದ ಮೇಲೆ ಅದು ಆಗಾಗ ಆರಿ ಹೊತ್ತಿಕೊಳ್ಳುವುದರಿಂದ ನಿಜವಾಗಿ ಅದಕ್ಕಿಂತ ಕಡಿಮೆ. ಆದರೆ ಒಂದು ಬ್ರೆಡ್‌ಗೂ ಎರಡು ಬ್ರೆಡ್‌ಗೂ ಖರ್ಚು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಯಾವಾಗಲೂ ಎರಡು ಸುಟ್ಟು ಒಂದನ್ನು ಫ್ರೀಜರ್‌ಗೆ ಹಾಕಿ.

ಹಂತ 4: ಕೈಕೆಲಸ ಬೇರೆ, ಕಾಯುವುದು ಬೇರೆ

‘ಮೊಸರಿಗೆ ಎಂಟು ಗಂಟೆ ಬೇಕು’ ಎಂದು ಹೆದರುವವರು ಇದ್ದಾರೆ. ಆ ಎಂಟು ಗಂಟೆಯಲ್ಲಿ ನಿಮ್ಮ ಕೈ ಓಡುವುದು ಹತ್ತು ನಿಮಿಷ. ಉಳಿದದ್ದು ಮೊಸರು ತಾನಾಗಿ ಮಾಡಿಕೊಳ್ಳುವ ಕೆಲಸ, ನೀವು ನಿದ್ದೆ ಮಾಡಬಹುದು.

ಆದ್ದರಿಂದ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ. ಕೈಕೆಲಸದ ಹೊತ್ತು, ಬರೀ ಕಾಯುವ ಹೊತ್ತು, ತೊಳೆಯುವ ಹೊತ್ತು. ಮೂರನೆಯದನ್ನು ರೆಸಿಪಿ ಬರೆಯುವವರು ಯಾರೂ ಹೇಳುವುದಿಲ್ಲ. ಪೀನಟ್ ಬಟರ್ ರುಬ್ಬಲು ಹತ್ತು ನಿಮಿಷ ಸಾಕು. ಆದರೆ ಮಿಕ್ಸಿ ಬ್ಲೇಡಿನ ಕೆಳಗೆ ಅಂಟಿದ್ದನ್ನು ಕೆರೆಯಲು ಇನ್ನೂ ಅಷ್ಟೇ ಹೊತ್ತು ಬೇಕು. ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಮಾತ್ರ ಗಿಟ್ಟುತ್ತದೆ.

ಇನ್ನೊಂದು ಬಲೆ ಇದೆ. ಕಾಯುವ ಹೊತ್ತಿನಲ್ಲಿ ಎರಡು ತರ. ಮೊಸರು ಹೆಪ್ಪಾಗುವಾಗ ಮನೆ ಬಿಟ್ಟು ಹೋಗಬಹುದು. ಜಾಮ್ ಕುದಿಯುವಾಗ ಒಲೆ ಬಿಟ್ಟು ಅಲುಗಾಡುವಂತಿಲ್ಲ, ತಳ ಹಿಡಿಯುತ್ತದೆ. ಒಲೆ ಮುಂದೆ ನಿಲ್ಲಿಸಿಕೊಳ್ಳುವ ಹೊತ್ತನ್ನು ಕೈಕೆಲಸ ಎಂದೇ ಬರೆಯಿರಿ.

ಸಮಯಕ್ಕೆ ದುಡ್ಡಿನ ಬೆಲೆ ಕಟ್ಟಬೇಕಾ? ನಾನು ಕಟ್ಟುವುದಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಸುಸ್ತಾಗಿ ಮನೆಗೆ ಬಂದ ದಿನವೂ ಇದನ್ನು ಮಾಡುತ್ತೇನಾ? ಇಲ್ಲ ಅಂತಾದರೆ ಅದು ರಜಾ ದಿನದ ಹವ್ಯಾಸ. ಹವ್ಯಾಸ ತಪ್ಪಲ್ಲ, ಆದರೆ ಮನೆಯ ದಿನಸಿ ಅದನ್ನು ನಂಬಿಕೊಂಡು ಕೂರಬಾರದು.

ಹಂತ 5: ಒಂದೊಂದನ್ನೇ ಯಾವ ಕಡೆ ಎಂದು ವಿಂಗಡಿಸಿ

ಇದು ನನ್ನ ವಿಂಗಡಣೆ. ಲೆಕ್ಕ ನಿಮ್ಮದು ಬೇರೆ ಬಂದರೆ ನಿಮ್ಮದನ್ನೇ ನಂಬಿ.

*ಕಣ್ಣು ಮುಚ್ಚಿ ಮನೆಯಲ್ಲಿ ಮಾಡಬಹುದಾದವು.* ಸಲಾಡಿಗೆ ಸುರಿಯುವ ಡ್ರೆಸ್ಸಿಂಗ್: ಮೂರು ಪಾಲು ಎಣ್ಣೆ, ಒಂದು ಪಾಲು ವಿನೆಗರ್, ಉಪ್ಪು, ಮೆಣಸು ಹಾಕಿ ಬಾಟಲಿ ಅಲ್ಲಾಡಿಸಿದರೆ ಮುಗಿಯಿತು. ಬ್ರೆಡ್ ಪುಡಿ: ಒಣಗಿದ ಬ್ರೆಡ್ಡನ್ನು ಇನ್ನಷ್ಟು ಒಣಗಿಸಿ ಪುಡಿ ಮಾಡಿ, ದುಡ್ಡು ಕೊಡುವ ಮಾತೇ ಇಲ್ಲ. ತರಕಾರಿ ಸಿಪ್ಪೆ, ತೊಟ್ಟು ಕುದಿಸಿ ಬಸಿದ ಸ್ಟಾಕ್ ಕೂಡ ಹಾಗೇ. ಕೋಸಿನ ಎಲೆಗಳನ್ನು ಮಾತ್ರ ಬಿಡಿ, ಇಡೀ ಪಾತ್ರೆಗೆ ಅದರದೇ ವಾಸನೆ ಹತ್ತುತ್ತದೆ. ಮೆಣಸು, ಜೀರಿಗೆಯಂಥ ಮಸಾಲೆಗಳನ್ನು ಇಡಿಯಾಗಿ ಕೊಂಡು ಬೇಕಾದಾಗ ಸ್ವಲ್ಪ ಸ್ವಲ್ಪ ಪುಡಿ ಮಾಡಿ. ಪುಡಿಯಾದ ಮೇಲೆ ಘಮ ಬೇಗ ಹಾರಿಹೋಗುತ್ತದೆ.

*ಮೊಸರು.* ಮನೆಯಲ್ಲಿ ಮಾಡುವವರ ಪೈಕಿ ಅರ್ಧ ಜನರ ದೂರು ಒಂದೇ, ‘ನೀರು ನೀರಾಗಿ ಬರುತ್ತದೆ’. ಸಾಮಾನ್ಯವಾಗಿ ಎರಡು ಕಾರಣ. ಒಂದು, ಹಾಲನ್ನು ಸರಿಯಾಗಿ ಕಾಯಿಸಿಲ್ಲ. 85 ಡಿಗ್ರಿಗೆ ಕಾಯಿಸಿ ಸ್ವಲ್ಪ ಹೊತ್ತು ಹಾಗೇ ಇಟ್ಟರೆ ಹಾಲಿನ ಪ್ರೋಟೀನ್ ಬದಲಾಗಿ ಮೊಸರು ಗಟ್ಟಿಯಾಗುತ್ತದೆ. ಎರಡು, ಹೆಪ್ಪು ಹಾಕುವಾಗ ಹಾಲು ತೀರಾ ಬಿಸಿ ಅಥವಾ ತೀರಾ ತಣ್ಣಗೆ ಇತ್ತು. 43ರಿಂದ 45 ಡಿಗ್ರಿ ಸರಿಯಾದ ಹದ. ಥರ್ಮಾಮೀಟರ್ ಕೊಳ್ಳಿ ಅಂದದ್ದು ಇದಕ್ಕೇ. ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲ್ಲಾಡಿಸಬೇಡಿ. ಆಗಾಗ ಮುಚ್ಚಳ ತೆಗೆದು ಇಣುಕುವುದೂ ಬೇಡ.

*ಕಾಳು.* ದುಡ್ಡಿನ ಲೆಕ್ಕದಲ್ಲಿ ಒಣ ಕಾಳೇ ಗೆಲ್ಲುವುದು. ಒಂದೇ ಸಲ ಜಾಸ್ತಿ ಬೇಯಿಸಿ 240 ಗ್ರಾಂನ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಟ್ಟರೆ ಡಬ್ಬಿಯ ಅನುಕೂಲವೂ ಸಿಗುತ್ತದೆ. ನೆನೆಹಾಕಲು ಮರೆತ ದಿನಕ್ಕೆ ಒಂದೆರಡು ಡಬ್ಬಿ ಮನೆಯಲ್ಲಿರಲಿ.

*ಬ್ರೆಡ್.* ನಡುವಿನದು. ದಿನಾ ಬ್ರೆಡ್ ತಿನ್ನುವ ಮನೆಗೆ ಲಾಭ, ವಾರಕ್ಕೆ ನಾಲ್ಕು ಚೂರು ತಿನ್ನುವವರಿಗೆ ನಷ್ಟ. ಬೆಂದಿದೆಯಾ ಎಂದು ಮೇಲಿನ ಬಣ್ಣ ನೋಡಿ ತೀರ್ಮಾನಿಸಬೇಡಿ, ಒಳಗಿನ ತಾಪ 93 ಡಿಗ್ರಿ ದಾಟಿರಬೇಕು. ಬಿಸಿಯಿರುವಾಗಲೇ ಕೊಯ್ದರೆ ಒಳಗೆ ಅಂಟು ಅಂಟಾಗುತ್ತದೆ. ಇದನ್ನೇ ‘ಹದ ಕೆಟ್ಟಿತು’ ಎಂದು ತಿಳಿದು ಕೈಬಿಟ್ಟವರು ಬೇಕಾದಷ್ಟು ಜನ.

*ಜಾಮ್.* ಹಣ್ಣು ಧಾರಾಳವಾಗಿ, ಅಗ್ಗಕ್ಕೆ ಸಿಕ್ಕಾಗ ಮಾತ್ರ. ದುಬಾರಿ ಹಣ್ಣು ಕೊಂಡು ಜಾಮ್ ಮಾಡುವುದು ಬೆಣ್ಣೆ ಕತೆಯೇ. 104ರಿಂದ 105 ಡಿಗ್ರಿ ಮುಟ್ಟಿದಾಗ ಇಳಿಸಿ. ಸಕ್ಕರೆ ಕಡಿಮೆ ಮಾಡಿದ್ದರೆ ಫ್ರಿಜ್‌ನಲ್ಲೇ ಇಡಬೇಕು, ಜಾಮ್ ಕೆಡದಂತೆ ತಡೆಯುವುದು ಸಕ್ಕರೆಯೇ.

*ಮೇಯೊನೀಸ್.* ಮಾಡುವುದು ಐದು ನಿಮಿಷದ ಕೆಲಸ, ರುಚಿಯೂ ಚೆನ್ನ. ಆದರೆ ಹಸಿ ಮೊಟ್ಟೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನಕ್ಕಿಂತ ಇಡುವಂತಿಲ್ಲ. ಮನೆಯಲ್ಲಿ ಗರ್ಭಿಣಿ, ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ ಅಂಗಡಿಯದನ್ನೇ ತನ್ನಿ, ಅಥವಾ ಪಾಶ್ಚರೀಕರಿಸಿದ ಮೊಟ್ಟೆ ಬಳಸಿ.

*ಸೋಯಾ ಹಾಲು, ಓಟ್ಸ್ ಹಾಲು.* ಮನೆಯಲ್ಲಿ ಅಗ್ಗ. ಸೋಯಾ ಹಾಲನ್ನು ಚೆನ್ನಾಗಿ ಕುದಿಸದೆ ಕುಡಿಯಬಾರದು, ಹಸಿಯಾಗಿ ಅದು ಜೀರ್ಣಕ್ಕೆ ಅಡ್ಡಿ. ಓಟ್ಸನ್ನು ಬಿಸಿ ನೀರಿನಲ್ಲಿ ಅಥವಾ ಜಾಸ್ತಿ ಹೊತ್ತು ರುಬ್ಬಿದರೆ ಲೋಳೆಯಾಗುತ್ತದೆ. ಇನ್ನೊಂದು ವಿಷಯ, ಅಂಗಡಿಯ ಪೊಟ್ಟಣಗಳಿಗೆ ಎಷ್ಟೋ ಸಲ ಕ್ಯಾಲ್ಸಿಯಂ, ಬಿ12 ಸೇರಿಸಿರುತ್ತಾರೆ, ನಿಮ್ಮದರಲ್ಲಿ ಅದು ಇರುವುದಿಲ್ಲ. ಹಸುವಿನ ಹಾಲು ಬಿಟ್ಟು ಇದನ್ನೇ ನೆಚ್ಚಿಕೊಂಡವರು ಇದನ್ನು ಗಮನಿಸಲೇಬೇಕು.

*ಸುಮ್ನೆ ಕೊಂಡುಬಿಡಬೇಕಾದವು.* ಟೊಮೆಟೊ ಪೇಸ್ಟ್: ಒಂದು ಕಿಲೋಗೆ ಐದಾರು ಕಿಲೋ ಹಣ್ಣು ಬತ್ತಿಸಬೇಕು, ಉರಿಯ ಖರ್ಚೇ ಮುಳುಗಿಸುತ್ತದೆ. ಗಟ್ಟಿ ಚೀಸ್: ಒಂದು ಕಿಲೋಗೆ ಸುಮಾರು ಹತ್ತು ಲೀಟರ್ ಹಾಲು, ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಸೋಯಾ ಸಾಸ್, ಚಾಕೊಲೇಟ್, ಒಣ ಪಾಸ್ತಾ, ಅಡುಗೆ ಎಣ್ಣೆ ಇದೇ ಸಾಲಿಗೆ. ಹೆಪ್ಪುಗಟ್ಟಿಸಿದ ಬಟಾಣಿಯನ್ನು ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಸಂಸ್ಕರಿಸುತ್ತಾರೆ. ದಿನಗಟ್ಟಲೆ ಅಂಗಡಿಯಲ್ಲಿ ಕೂತ ‘ತಾಜಾ’ ಬಟಾಣಿಗಿಂತ ಅದೇನೂ ಕಡಿಮೆಯಲ್ಲ.

ಹಂತ 6: ಒಂದು ಸಲಕ್ಕೆ ಒಂದೇ, ಮೂರು ಸಲ ಪರೀಕ್ಷೆ

‘ಮನೆಯಲ್ಲಿ’ ಎಂದು ವಿಂಗಡಿಸಿದ ಪಟ್ಟಿಯಿಂದ ಒಂದೇ ಒಂದನ್ನು ಆರಿಸಿ. ಒಂದು ವಾರಕ್ಕೆ ಸಾಕಾಗುವಷ್ಟು ಮಾತ್ರ ಮಾಡಿ. ಮೂರು ವಾರ ಮೂರು ಸಲ. ಪ್ರತಿ ಸಲವೂ ತೂಕ, ತಾಪ, ಹೊತ್ತು, ಎಸೆದದ್ದು ಬರೆದಿಡಿ.

ಮೂರು ಸಲ ಯಾಕೆ? ಮೊದಲ ಸಲ ಹೊಸತನದ ಹುಮ್ಮಸ್ಸು, ಎಲ್ಲರೂ ತಿನ್ನುತ್ತಾರೆ. ಎರಡನೇ ಸಲ ಏನೋ ಕೆಡುತ್ತದೆ. ಮೂರನೇ ಸಲಕ್ಕೆ ನಿಜ ಗೊತ್ತಾಗುತ್ತದೆ. ಮನೆಯವರಿಗೆ ಹೇಳದೆ ಅಂಗಡಿಯದನ್ನೂ ನಿಮ್ಮದನ್ನೂ ಒಂದೇ ತರದ ಬಟ್ಟಲಲ್ಲಿ ಇಟ್ಟು ನೋಡಿ. ಯಾವುದು ಮೊದಲು ಖಾಲಿಯಾಯಿತು ಅಷ್ಟು ನೋಡಿದರೆ ಸಾಕು, ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ. ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ?

ರುಚಿ ಸೋತರೆ ಕೂಡಲೇ ಬಿಡಬೇಡಿ, ಅಂಗಡಿ ಪೊಟ್ಟಣದ ಹಿಂಬದಿ ಓದಿ. ಸಾಮಾನ್ಯವಾಗಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಸಾಸಿನಲ್ಲಿ ಸಕ್ಕರೆ ಎರಡನೇ ಹೆಸರಾಗಿದ್ದರೆ ನಿಮ್ಮದು ಯಾಕೆ ಸಪ್ಪೆ ಎಂದು ಅಲ್ಲೇ ಗೊತ್ತಾಗುತ್ತದೆ. ಅಷ್ಟು ಸಕ್ಕರೆ ಬೇಕಾ ಬೇಡವಾ ಆಮೇಲೆ ಯೋಚಿಸಿ.

ಪೂರ್ತಿ ಮಾಡಲು ಆಗದಿದ್ದರೆ ಅರ್ಧ ದಾರಿ ಇದೆ. ಡಬ್ಬಿ ಟೊಮೆಟೊ ತಂದು ಸಾಸ್ ನೀವು ಮಾಡಿ. ಸಾದಾ ಮೊಸರು ತಂದು ಹಣ್ಣು ನೀವು ಸೇರಿಸಿ. ಕಲಸಿದ ಹಿಟ್ಟು ಅಂಗಡಿಯದು, ಸುಡುವುದು ನೀವು. ನನ್ನ ಅಡುಗೆಮನೆಯಲ್ಲಿ ಬಹಳ ದಿನ ಉಳಿದುಕೊಂಡಿರುವುದು ಇಂಥವೇ.

ಹಂತ 7: ಯಂತ್ರ ಈಗ, ಅದೂ ಬೇಕಿದ್ದರೆ

ಮೂರು ಸಲ ಯಂತ್ರವಿಲ್ಲದೆ ಮಾಡಿ, ನಾಲ್ಕನೇ ಸಲವೂ ಮಾಡುವ ಮನಸ್ಸಿದ್ದರೆ ಮಾತ್ರ ಅಂಗಡಿ ಕಡೆ ನೋಡಿ. ಯಂತ್ರದ ಬೆಲೆಯನ್ನು ವರ್ಷದಲ್ಲಿ ಬಳಸುವ ಸಲಗಳಿಂದ ಭಾಗಿಸಿ. ವಾರಕ್ಕೊಂದು ಸಲ ಅಂದರೆ 52. ಆದರೆ ನಿಮ್ಮ ನೋಟ್‌ಬುಕ್ ತಿಂಗಳಿಗೊಂದು ಸಲ ಅನ್ನುತ್ತಿದ್ದರೆ 12 ಎಂದೇ ಹಿಡಿಯಿರಿ. ಇಡಲು ಜಾಗ ಎಲ್ಲಿ ಎಂಬುದನ್ನೂ ಈಗಲೇ ತೋರಿಸಿ. ಮೇಲಿನ ಅಟ್ಟಕ್ಕೆ ಹೋದ ಯಂತ್ರ ಕೆಳಗೆ ಇಳಿದದ್ದು ನಾನು ನೋಡಿಲ್ಲ.

ಹಂತ 8: ಇಡುವ ಕ್ರಮ, ಎಚ್ಚರಿಕೆಯ ಗುರುತುಗಳು

ಪ್ರತಿ ಡಬ್ಬಿಯ ಮೇಲೂ ಎರಡು ತಾರೀಕು ಬರೆಯಿರಿ: ಮಾಡಿದ ದಿನ, ಎಸೆಯುವ ದಿನ. ಒಂದೇ ಬರೆದರೆ ‘ಇನ್ನೂ ಎರಡು ದಿನ ನಡೆಯುತ್ತೆ’ ಎಂಬ ಚೌಕಾಸಿ ಶುರುವಾಗುತ್ತದೆ.

ಫ್ರಿಜ್ 5 ಡಿಗ್ರಿಗಿಂತ ಕೆಳಗಿರಲಿ, ಫ್ರೀಜರ್ ಮೈನಸ್ 18. ಬಿಸಿ ಸ್ಟಾಕ್ ಅಥವಾ ಕಾಳನ್ನು ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗೆ ಬಿಡಬೇಡಿ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅಗಲವಾದ ಸಣ್ಣ ಪಾತ್ರೆಗಳಿಗೆ ಸುರಿದು, ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಇವು ಕಂಡರೆ ಎಸೆಯಿರಿ, ರುಚಿ ನೋಡಬೇಡಿ:

ಬಾಟಲಿಯ ಮುಚ್ಚಳ ಉಬ್ಬಿದೆ, ಅಥವಾ ತೆರೆದಾಗ ದ್ರವ ಚಿಮ್ಮುತ್ತದೆ. ಅಂಗಡಿಯ ಡಬ್ಬಿ ಉಬ್ಬಿದ್ದರೂ ಅಷ್ಟೇ.

ಮೊಸರಿನ ಮೇಲೆ ಗುಲಾಬಿ, ಕಿತ್ತಳೆ ಅಥವಾ ಹಸಿರು ಬಣ್ಣ. ಮೇಲೆ ತಿಳಿನೀರು ನಿಂತಿದ್ದರೆ ಮಾತ್ರ ಗಾಬರಿ ಬೇಡ, ಅದು ಸಹಜ.

ಜಾಮ್, ಮೊಸರು, ಬ್ರೆಡ್ ಮೇಲೆ ಬೂಷ್ಟು. ಮೇಲಿನದನ್ನು ಕೆರೆದು ಉಳಿದದ್ದನ್ನು ತಿನ್ನುವ ಹಳೆ ರೂಢಿ ಬಿಡಿ. ಮೆತ್ತಗಿನ ಆಹಾರದಲ್ಲಿ ಬೂಷ್ಟು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ. ಗಟ್ಟಿ ಚೀಸಿಗೆ ಮಾತ್ರ ವಿನಾಯಿತಿ, ಸುತ್ತ ಎರಡೂವರೆ ಸೆಂಟಿಮೀಟರ್ ಕೊಯ್ದು ತೆಗೆದರೆ ಉಳಿದದ್ದು ಬಳಸಬಹುದು.

ಪೀನಟ್ ಬಟರ್, ಮನೆಯ ಗ್ರನೋಲಾದಲ್ಲಿ (ಓಟ್ಸ್, ಬೀಜಗಳನ್ನು ಹುರಿದು ಮಾಡುವ ತಿಂಡಿ) ಕಮಟು ವಾಸನೆ. ಎಣ್ಣೆ ಹಳಸಿದೆ ಎಂದರ್ಥ. ಮುಂದಿನ ಸಲ ಅರ್ಧ ಪ್ರಮಾಣ ಮಾಡಿ, ಫ್ರಿಜ್‌ನಲ್ಲಿಡಿ.

ಇನ್ನೊಂದು ಗುರುತು ಡಬ್ಬಿಯ ಮೇಲೆ ಕಾಣುವುದಿಲ್ಲ, ನೋಟ್‌ಬುಕ್‌ನಲ್ಲಿ ಕಾಣುತ್ತದೆ. ಒಂದೇ ಪದಾರ್ಥದ ಎದುರು ‘ಎಸೆದೆ’ ಎಂದು ಎರಡು ಸಲ ಬರೆದಿದ್ದರೆ ಅದನ್ನು ಮತ್ತೆ ಕೊಳ್ಳುವ ಪಟ್ಟಿಗೆ ಹಾಕಿ. ಮೂರು ತಿಂಗಳು ಕಳೆದ ಮೇಲೆ ಎರಡೂ ಪಟ್ಟಿಗಳನ್ನು ಇನ್ನೊಮ್ಮೆ ನೋಡಿ. ಬೆಲೆ ಬದಲಾಗಿರುತ್ತದೆ, ಮನೆಯಲ್ಲಿ ತಿನ್ನುವವರ ಸಂಖ್ಯೆ ಬದಲಾಗಿರಬಹುದು, ಹಣ್ಣಿನ ಕಾಲ ಬಂದಿರಬಹುದು. ಆಗ ಎರಡನೇ ಹಂತದವನ್ನು ಬಿಟ್ಟು ಉಳಿದ ಯಾವುದನ್ನಾದರೂ ಈ ಪಟ್ಟಿಯಿಂದ ಆ ಪಟ್ಟಿಗೆ ಸರಿಸಬಹುದು.